ನೂರು ಚಾಪೆಯ ಜಗಲಿ

ಈ ಕಥೆಯ ಒಂದೊಂದು ಅಕ್ಷರವೂ ನಿಜ, ನನ್ನ ಮೀಸೆಯಾಣೆ! ಸುತ್ತಲ ಏಳೂರಿನಲ್ಲಿ ಸುಳ್ಳು ಹೇಳಲು ಬಾರದವನು ನಾನೊಬ್ಬನೇ. ಕೇಳಿ ಮಕ್ಕಳೇ.

ಒಂದು ಮೊಬೈಲಿನ ಹೊಟ್ಟೆಯೊಳಗೆ ಒಂದು ರಾಜ್ಯವಿತ್ತು. ಪ್ರಜೆಗಳೆಲ್ಲ ಆ್ಯಪ್‌ಗಳು. ಅಷ್ಟೂ ಜನಕ್ಕೆ ನೆನಪಿನ ಜಗಲಿ ಒಂದೇ, ಅದರ ಮೇಲೆ ನೂರೇ ಚಾಪೆ. ಚಾಪೆ ಸಿಕ್ಕರೆ ಕೆಲಸ, ಸಿಗದಿದ್ದರೆ ಇಲ್ಲ. ಗೋಡೆಗೊಂದು ಕರಿಹಲಗೆ. ತಾನೇನು ಮಾಡುತ್ತಿದ್ದೇನೆಂದು ಪ್ರತಿಯೊಬ್ಬರೂ ಅದರಲ್ಲಿ ಬರೆಯಬೇಕು. ‘ಕೆಲಸದಲ್ಲಿದ್ದೇನೆ’ ಎಂದವರ ಚಾಪೆ ಮುಟ್ಟುವಂತಿಲ್ಲ. ‘ಖಾಲಿ ಇದ್ದೇನೆ’ ಎಂದವರ ಚಾಪೆ ಬೇರೆಯವರಿಗೆ. ರಾಜ ಮಾರ್ತಾಂಡ ದಿನಾ ಹಲಗೆ ಓದುತ್ತಿದ್ದ. ಜಗಲಿಯ ಕಡೆ ಮಾತ್ರ ಕಣ್ಣು ಹಾಯಿಸಿದವನಲ್ಲ.

ಆಟದ ಆ್ಯಪ್ ದುಂಡಣ್ಣ ತೊಂಬತ್ತು ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದ. ಉಳಿದ ಹತ್ತರಲ್ಲಿ ಬೇರೆ ಆ್ಯಪ್‌ಗಳು ಒತ್ತಿಕೊಂಡು ಕೆಲಸ ಮಾಡುತ್ತಿದ್ದವು. ಹಲಗೆಯಲ್ಲಿ ಮಾತ್ರ ‘ಕೆಲಸದಲ್ಲಿದ್ದೇನೆ’!

ಅಲಾರಂ ಆ್ಯಪ್ ಸಾಕವ್ವನಿಗೆ ಬೇಕಿದ್ದದ್ದು ಒಂದೇ ಚಾಪೆ. ಸೋಮವಾರ ಸಿಗಲಿಲ್ಲ, ಗಂಟೆ ಬಾರಿಸಲಿಲ್ಲ. ಮಂಗಳವಾರ ಸಿಗಲಿಲ್ಲ, ಬಾರಿಸಲಿಲ್ಲ. “ನಾಳೆ ಬೆಳಗ್ಗೆಯೂ ತಪ್ಪಿದರೆ ನಿನ್ನನ್ನು ಗಡೀಪಾರು ಮಾಡ್ತೀನಿ!” ಎಂದು ರಾಜ ಗುಡುಗಿದ.

ಸಾಕವ್ವ ಓಡಿದಳು. “ದುಂಡಣ್ಣ, ಒಂದೇ ಒಂದು ಚಾಪೆ ಬಿಡಪ್ಪ.”

“ಹಲಗೆ ಓದಕ್ಕೆ ಬರಲ್ವಾ ಅಜ್ಜಿ? ಕೆಲಸದಲ್ಲಿದೀನಿ!” ದುಂಡಣ್ಣ ಮಗ್ಗುಲು ಬದಲಿಸಿದ.

ಮತ್ತೆ ರಾಜನ ಹತ್ತಿರ ಓಡಿದಳು. “ಬುದ್ಧಿ, ಅವನು ಮಲಗವ್ನೆ!”

“ಹಲಗೆಯಲ್ಲಿ ಹಾಗಿಲ್ಲವಲ್ಲ!” ಅಂದ ರಾಜ.

ಸಾಕವ್ವ ಮೂರನೇ ಸಲ ಓಡಲಿಲ್ಲ. ದುಂಡಣ್ಣನ ಕಿವಿಯ ಪಕ್ಕ ಕೂತು ತನ್ನಷ್ಟಕ್ಕೆ ಜೋರಾಗಿ ಗೊಣಗಿದಳು: “ಏನು ಕಾಲ ಬಂತಪ್ಪ! ಮೂರು ದಿನ ಖಾಲಿ ಕೂತವರಿಗೆ ಬೇಜಾರಾಗಿರ್ತದೆ ಅಂತ ಹತ್ತು ಚಾಪೆ ಇನಾಮಂತೆ!”

ಗೊರಕೆ ನಿಂತಿತು. ದುಂಡಣ್ಣ ಒಂದೇ ನೆಗೆತಕ್ಕೆ ಹಲಗೆ ಸೇರಿ, ಹಳೆಯದನ್ನು ಅಳಿಸಿ ಬರೆದ: ‘ಖಾಲಿ ಇದ್ದೇನೆ. ಮೂರು ದಿನದಿಂದ!’

ರಾಜ ಓದಿದ. ಆಳುಗಳು ಬಂದು ತೊಂಬತ್ತೂ ಚಾಪೆ ಸುತ್ತಿಕೊಂಡರು.

“ಅಯ್ಯೋ ಬುದ್ಧಿ, ನಾನು ಕೆಲಸದಲ್ಲಿದೀನಿ!”

“ಹಲಗೆಯಲ್ಲಿ ಹಾಗಿಲ್ಲವಲ್ಲ!”

ಬುಧವಾರ ಬೆಳಗ್ಗೆ ಗಂಟೆ ಎಂಥಾ ಜೋರು ಹೊಡೆಯಿತೆಂದರೆ, ರಾಜ ಮಂಚದಿಂದ ಬಿದ್ದ. ಎದ್ದವನೇ ಜಗಲಿಗೆ ಬಂದು, “ತಪ್ಪಾಯ್ತು ಸಾಕವ್ವ, ನಾನು ಕಣ್ಣಾರೆ ನೋಡಬೇಕಿತ್ತು” ಎಂದು ಕೈಮುಗಿದ.

ನೀತಿ ಇಷ್ಟೇ ಮಕ್ಕಳೇ: ಹತ್ತು ಜನರ ಜಾಗದಲ್ಲಿ ಕೆಲಸ ಮುಗಿದ ಮೇಲೆ ಚಾಪೆ ಸುತ್ತಿಡಬೇಕು, ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಆಳುವವನು ಬರೆದದ್ದನ್ನಷ್ಟೇ ಓದಿದರೆ ಸಾಲದು, ನೋಡಲೂ ಬೇಕು.

ಎಲ್ಲ ನಿಜ. ರಾಜ ತಪ್ಪಾಯ್ತು ಅಂದದ್ದು ಮಾತ್ರ ನಾನು ಸೇರಿಸಿದ್ದು.