ಮಂಗಳನ ಬಿಳಿ ಕೊಪ್ಪೆ

ಲೋಕಕ್ಕೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲ. ಭೂಮವ್ವ ತನ್ನ ಮಗ ಮಂಗಳನಿಗೆ ಗಾಳಿಯಿಂದಲೇ ನೇಯ್ದ ದಪ್ಪ ಕಂಬಳಿ ಹೊದಿಸಿ, ಪಕ್ಕದ ಬಯಲಿನಲ್ಲಿ ಕೂರಿಸಿದಳು.

"ಮಗಾ, ಹೊಟ್ಟೆಯೊಳಗಿನ ಬೆಂಕಿ ಆರದಂಗೆ ನೋಡ್ಕೊ. ಕುರಿಹಟ್ಟೀಲಿ ಬೆಂಕಿ ಆರಿದ್ರೆ ತೋಳ ಬರ್ತದೆ" ಅಂದಳು.

ತೋಳ ಯಾರು ಗೊತ್ತೇ, ಮಗು? ಸೂರ್ಯನ ಮನೆಯಿಂದ ಹೊರಡುವ ಗಾಳಿರಾಯ. ಕಂಡವರ ಕಂಬಳಿ ಎಳೆಯುವುದೇ ಅವನ ಕೆಲಸ. ಬೆಂಕಿ ಕಂಡರೆ ಮಾತ್ರ ದೂರ ಹೋಗುತ್ತಾನೆ.

ಮಂಗಳ ಕೆಂಪು ಮಣ್ಣಿನಲ್ಲಿ ಆಡುತ್ತ ಆಡುತ್ತ ಬೆಂಕಿಯನ್ನು ಮರೆತ. ನಮ್ಮ ಕುರಿಹಟ್ಟಿಯಲ್ಲಿ ನಾನೂ ಹಾಗೇ ಮರೆತು ಬೈಸಿಕೊಂಡವನು, ಅವನಿಗೆ ಏನು ಹೇಳಲಿ? ಬೆಂಕಿ ಆರಿತು. ಗಾಳಿರಾಯ ಬಂದ. ಇಂದು ಒಂದು ಎಳೆ ಕಿತ್ತ, ಮರುದಿನ ಒಂದು ಎಳೆ ಕಿತ್ತ. ಕಂಬಳಿ ಸವೆದಂತೆ ಮಂಗಳನ ಹೊಳೆಗಳೂ ಒಣಗಿದವು.

ಕೊನೆಗೆ ಉಳಿದದ್ದು ಒಂದೇ ಒಂದು ತುಂಡು. ಅದೂ ಹೋದರೆ ಮೈಮೇಲೆ ಏನೂ ಇಲ್ಲ. ಭೂಮವ್ವ ತನ್ನ ಕಂಬಳಿಯ ಅಂಚಿಗೆ ಕೈ ಹಾಕಿದಳು.

"ನನ್ನ ಕಂಬಳೀಲಿ ಅರ್ಧ ಹರ್ಕೊಡ್ತೀನಿ, ಮಗಾ."

"ಬೇಡವ್ವ. ಅದರಡೀಲಿ ಗುಬ್ಬಿ, ಆನೆ, ಮಕ್ಕಳು ಎಲ್ಲಾ ಮಲಗ್ಯವೆ. ನಂದು ನಾನೇ ಉಳಿಸ್ಕೊತೀನಿ."

ಚಳಿಗೆ ಕುರಿಗಾಹಿಗಳು ಏನು ಮಾಡುತ್ತಾರೆ? ಕಂಬಳಿ ಮಡಚಿ, ಕೊಪ್ಪೆ ಮಾಡಿ, ತಲೆಗೆ ಹಾಕಿಕೊಳ್ಳುತ್ತಾರೆ. ಮಂಗಳನೂ ಆ ತುಂಡನ್ನು ಮಡಚಿ ನೆತ್ತಿಗೆ ಕೊಪ್ಪೆ ಹಾಕಿದ. ಆಮೇಲೆ ಹಿಮವನ್ನು ಕರೆದ.

"ಹಿಮಣ್ಣ, ಬಾ. ಕೊಪ್ಪೆ ಮೇಲೆ ಕೂತ್ಕೊ."

"ನಾ ಕೂತ್ರೆ ತಲೆ ಮರಗಟ್ತದೆ ಕಣಪ್ಪ. ತಡ್ಕೊತೀಯಾ?"

"ತಡ್ಕೊತೀನಿ."

ಹಿಮಣ್ಣ ಕೂತ. ಕೊಪ್ಪೆ ಬೆಳ್ಳಗಾಯಿತು, ಕಲ್ಲಿನಂತೆ ಗಟ್ಟಿಯಾಯಿತು. ಮಂಗಳ ಹಲ್ಲು ಕಚ್ಚಿ ಕೂತ.

ಗಾಳಿರಾಯ ಬಂದ. ಒಂದು ಕೈಯಲ್ಲಿ ಎಳೆದ, ಕೊಪ್ಪೆ ಅಲುಗಲಿಲ್ಲ. ಎರಡು ಕೈಯಲ್ಲಿ ಎಳೆದ, ಕೊಪ್ಪೆ ಅಲುಗಲಿಲ್ಲ. ಕಾಲು ಊರಿ ಎಳೆದ. ಅವನ ಬೆರಳುಗಳೇ ಮರಗಟ್ಟಿದವು, ಕೊಪ್ಪೆ ಅಲುಗಲಿಲ್ಲ.

"ಬಿಡೋ ಅದನ್ನ" ಎಂದು ಗುಡುಗಿದ.

"ಬೆಂಕಿ ಮರೆತದ್ದು ನನ್ನ ತಪ್ಪು. ಕೊಪ್ಪೆ ಮಾತ್ರ ನಂದು" ಅಂದ ಮಂಗಳ.

ಗಾಳಿರಾಯ ಬರಿಗೈಯಲ್ಲಿ ಹೋದ. ಗೆದ್ದ ನನ್ನ ಮಗ ಎಂದು ಭೂಮವ್ವ ಏಳು ಕಡಲನ್ನೂ ಎತ್ತಿ ಕುಣಿದಳು.

ಬಿಸಿಲು ಏರಿದಾಗ ಮಂಗಳ ಕೊಪ್ಪೆಯ ಒಂದಿಷ್ಟು ಮಡಿಕೆ ಮಾತ್ರ ಬಿಚ್ಚಿ ಹೊದೆಯುತ್ತಾನೆ, ಚಳಿ ಬಂದಾಗ ಮತ್ತೆ ಮಡಚಿ ಹಾಕುತ್ತಾನೆ. ಆ ಕಂಬಳಿ ತೀರಾ ತೆಳು, ಆದರೆ ಅವನದೇ. ಗಾಳಿರಾಯ ಈಗಲೂ ಬಂದು ಜಗ್ಗುತ್ತಾನೆ, ಮಗು. ಆದರೂ ದುರ್ಬೀನಿಗೆ ಕಣ್ಣಿಟ್ಟು ಆ ಕೆಂಪು ಚುಕ್ಕಿಯನ್ನು ನೋಡಿದಾಗಲೆಲ್ಲ, ಮಂಗಳನ ನೆತ್ತಿಯ ಮೇಲೆ ಬಿಳಿ ಕೊಪ್ಪೆ ಇದ್ದೇ ಇರುತ್ತದೆ.