ಹೂಂ ಅನ್ನುವ ದಿನ

ಹೊಳೆದಂಡೆಯ ಮಠದಲ್ಲಿ ಮಾದೇಶ ಅಂತ ಒಬ್ಬ ಶಿಷ್ಯನಿದ್ದ. ಓದಿನಲ್ಲಿ ಬಲು ಚುರುಕು, ಆದರೆ ಬಾಳಿನ ವಿಷಯಕ್ಕೆ ಬಂದರೆ ಬರೀ ಗೊಂದಲ.

ಮಠದಲ್ಲೇ ಇದ್ದ ಅವನ ತಂಗಿ ಪುಟ್ಟತಾಯಿಗೆ ಫಿಟ್ಸ್ ಬರುತ್ತಿತ್ತು. ಪೇಟೆಯ ಡಾಕ್ಟರು ಗುಳಿಗೆ ಕೊಟ್ಟ ಮೇಲೆ ನಿಂತಿತ್ತು. ಆದರೆ ಹುಡುಗಿ ಹಾಡುತ್ತಾ ಹಾಡುತ್ತಾ ತೂಕಡಿಸುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಅಣ್ಣ ಆ ಗುಳಿಗೆಯನ್ನೇ ಬೈದುಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಅವನು ಗುರುಗಳಾದ ಮರಿದೇವರ ಮುಂದೆ ಕೂತು, ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದ. ಮಿದುಳಿನಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ರಸಗಳಿವೆಯಂತೆ. ಕೆಲವು 'ಹೂಂ, ನಡಿ' ಅಂತ ಎಬ್ಬಿಸುತ್ತವಂತೆ, ಕೆಲವು 'ಊಹೂಂ, ಸಾಕು' ಅಂತ ತಡೆಯುತ್ತವಂತೆ. ಈ ಗುಳಿಗೆ ಊಹೂಂ ಅನ್ನುವವಕ್ಕೆ ಬಲ ಕೊಡುತ್ತದಂತೆ.

"ಬರೀ ಬೇಡ ಅನ್ನೋ ರಸ ಯಾಕೆ ಬೇಕು ಬುದ್ಧಿ? ಗುಳಿಗೆ ನಿಲ್ಲಿಸಿಬಿಡಲಾ?"

ಗುರುಗಳು ಗಡ್ಡ ನೀವಿಕೊಂಡರು.

"ಸಂಜೆ ಹೇಳ್ತೀನಿ. ಅಲ್ಲೀವರೆಗೆ ಯಾರು ಏನು ಕೇಳಿದ್ರೂ ಹೂಂ ಅನ್ನು. ಊಹೂಂ ಅನ್ನೋದು ಬಾಯಲ್ಲಿ ಬರಕೂಡದು."

ಇದೆಂಥ ಉತ್ತರವಪ್ಪಾ ಅಂತ ಮಾದೇಶ ತಲೆ ಕೆರೆದುಕೊಂಡು ಎದ್ದ.

ಅಡುಗೆಯವರು ಇನ್ನೊಂದು ಮುದ್ದೆ ಇಡಲಾ ಅಂದರು. ಹೂಂ. ಮತ್ತೊಂದು? ಹೂಂ. ನಾಲ್ಕನೆಯದು ಗಂಟಲಲ್ಲೇ ನಿಂತಿತು. ತೋಟದವನು ಕರು ಬಿಚ್ಚಲಾ ಅಂದ, ಹೂಂ. ಕರು ಹಾಲೆಲ್ಲ ಕುಡಿದು ಅಭಿಷೇಕಕ್ಕೆ ತೊಟ್ಟೂ ಉಳಿಯಲಿಲ್ಲ. ಭಕ್ತರೊಬ್ಬರು ನಾಳೆ ನಮ್ಮೂರಿಗೆ ಬರ್ತೀರಾ ಅಂದರು, ಇನ್ನೊಬ್ಬರೂ ನಾಳೆಯೇ ತಮ್ಮೂರಿಗೆ ಕರೆದರು. ಇಬ್ಬರಿಗೂ ಹೂಂ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬೈಯುವವರೇ. ತಾನು ಶಿಷ್ಯನೋ ಹುಚ್ಚನೋ ಅಂತ ಅವನಿಗೇ ತಿಳಿಯದಾಯಿತು. ಗುರುಗಳು ಮಾತ್ರ ಜಗಲಿ ಮೇಲೆ ಆರಾಮಾಗಿ ಕೂತಿದ್ದರು.

ಸಂಜೆ ಪುಟ್ಟತಾಯಿ ನೀರಿನ ಲೋಟ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಗುಳಿಗೆ.

"ಅಣ್ಣ, ಬೆಳಿಗ್ಗೆ ನೀನು ಬುದ್ಧಿಯವರ ಹತ್ರ ಅಂದಿದ್ದು ಕೇಳಿಸ್ತು. ಇದನ್ನ ಹೊಳೆಗೆ ಎಸೆದುಬಿಡಲಾ?"

ಮಾದೇಶ ಗುರುಗಳ ಕಡೆ ನೋಡಿದ. ಅವರು ಹೊಳೆ ಕಡೆ ನೋಡುತ್ತಾ ಕೂತಿದ್ದರು.

ಹೂಂ ಅನ್ನಬೇಕು, ಗುರುವಿನ ಆಜ್ಞೆ. ಬಾಯಿ ತೆರೆದ. ಹಿಂದೆ ಅವಳು ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದದ್ದು ಕಣ್ಣಿಗೆ ಕಟ್ಟಿತು. ಆವತ್ತು ಅವಳ ಮೈಯೆಲ್ಲ ಹೂಂ ಹೂಂ ಅಂತಲೇ ಸೆಟೆದು ಒದ್ದಾಡಿತ್ತು. ಸಾಕು ಅನ್ನುವವರು ಒಳಗೆ ಯಾರೂ ಇರಲಿಲ್ಲ.

"ಊಹೂಂ," ಅಂದ. "ನುಂಗು ತಾಯಿ. ತೂಕಡಿಕೆ ವಿಷಯ ನಾಳೆ ಡಾಕ್ಟರ ಹತ್ರಾನೇ ಕೇಳೋಣ."

ಅವಳು ನುಂಗಿ ಒಳಗೆ ಹೋದಳು.

ಮಾದೇಶ ಗುರುಗಳ ಕಾಲು ಹಿಡಿದ. "ನಿಮ್ಮ ಮಾತು ಮೀರಿದೆ ಬುದ್ಧಿ. ತಪ್ಪಾಯ್ತಾ?"

ಗುರುಗಳು ಅವನ ತಲೆ ಮೇಲೆ ಕೈ ಇಟ್ಟರು.

"ಊಹೂಂ."