ತುಂತುಣಿಯವನ ಹೆಸರು

“ಪದ ಕಟ್ಟಿದವ ದೊಡ್ಡವನೋ, ಹಾಡಿದವ ದೊಡ್ಡವನೋ ಅಪ್ಪಾರ?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ವಿನಯದಿಂದ ಕೇಳಬೇಕೆಂದೇ ಅವನು ಬಂದಿದ್ದ. ಬಾಯಿಗೆ ಬರುವಷ್ಟರಲ್ಲಿ ಪ್ರಶ್ನೆಗೆ ಮುನಿಸು ಸೇರಿಕೊಂಡಿತ್ತು. ಗುರುಗಳಿಗೆ ಆಶ್ಚರ್ಯವಾಗಲಿಲ್ಲ. ಸೋಮವಾರದ ಭಜನೆ ಮುಗಿದಾಗಿನಿಂದ ಮಠದ ಸಾರಿನಲ್ಲಿ ಒಂದು ದಿನ ಉಪ್ಪೇ ಇಲ್ಲ, ಇನ್ನೊಂದು ದಿನ ಎರಡರಷ್ಟು ಉಪ್ಪು. ಸಾರು ಮಾಡುವವನು ಮುರಿಗೆಪ್ಪನೇ.

ಆ ಸೋಮವಾರ ಆದದ್ದು ಇಷ್ಟು. ಮುರಿಗೆಪ್ಪ ಒಂದು ಪದ ಕಟ್ಟಿದ್ದ. ಗುರುಗಳು ಅದನ್ನು ಭಜನೆಯಲ್ಲಿ ಹಾಡಿದರು. ಮುರಿಗೆಪ್ಪ ಹಿಂದೆ ಕೂತು ತಾಳ ಹಾಕಿದ. ಜನ ತಲೆದೂಗಿದರು, “ಅಪ್ಪಾರ ಬಾಯಾಗಿನ ಮಾತಂದ್ರ ಮಾತು” ಎಂದರು, ಗುರುಗಳಿಗೆ ಶಾಲು ಹೊದಿಸಿದರು. ತಾಳ ಹಾಕಿದವನಿಗೆ, “ಆ ಚಾಪಿ ಸುತ್ತಿಡಪಾ” ಎಂದರು.

“ಪದ ಪೂರಾ ನಿಂದಽ ಏನಪಾ?” ಎಂದು ಗುರುಗಳು ಕೇಳಿದರು.

“ಮಾತು ನಂದುರಿ, ಧಾಟಿ ನಮ್ಮಜ್ಜಂದು. ನಮ್ಮಜ್ಜ ಕಟ್ಟಿದ ಪದಾ ನಮ್ಮಜ್ಜಿ ಬೀಸುವಾಗ ಹಾಡತಿದ್ದಳು. ಪದ ಕಟ್ಟೂದು ನಮ್ಮ ಮನಿತನದಾಗಽ ಬಂದೈತ್ರಿ,” ಎಂದ ಮುರಿಗೆಪ್ಪ. ಇದನ್ನು ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು.

“ಹಂಗಾರ ಕೂಡು,” ಎಂದು ಗುರುಗಳು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಗೀಗೀ ಪದ ಹಾಡುವ ಒಂದು ಮೇಳವಿತ್ತು. ಮುಂದೆ ಡಪ್ಪಿನವನು ನಿಲ್ಲುತ್ತಿದ್ದ, ಹಿಂದೆ ತುಂತುಣಿಯವನು. ಡಪ್ಪಿನವನಿಗೆ ಜರಿಯ ರುಮಾಲು, ರುಮಾಲಿಗೆ ತುರಾಯಿ, ತುರಾಯಿಗೆ ತಕ್ಕ ಮೀಸೆ. ತುಂತುಣಿಯವನಿಗೆ ಒಂದು ತಂತಿಯ ತುಂತುಣಿ, ಅಷ್ಟೇ.

ಹಿಂದಿನವನ ಕೆಲಸ ಕೇಳಿದರೆ ಸಣ್ಣದು. ಮುಂದಿನವನು ಒಂದು ಸಾಲು ಹಾಡಿದರೆ ಅದರ ಬಾಲ ಹಿಡಿದು ಎತ್ತಬೇಕು, ‘ಗೀಯ ಗೀಯ’ ಎಂದು ಎಳೆಯಬೇಕು. ಅಷ್ಟರಲ್ಲಿ ಮುಂದಿನವನು ಉಸಿರು ತೆಗೆದುಕೊಳ್ಳುತ್ತಾನೆ, ಮೀಸೆ ತಿರುವುತ್ತಾನೆ, ಮುಂದಿನ ಸಾಲು ಯಾವುದೆಂದು ನೆನಪು ಮಾಡಿಕೊಳ್ಳುತ್ತಾನೆ. ಒಂದು ನಿಯಮ ಮಾತ್ರ ಗಟ್ಟಿ. ಮುಂದಿನವನು ಹಾಡಿದ್ದನ್ನೇ ಹಿಂದಿನವನು ಎತ್ತಬೇಕು. ಅವನು ತಪ್ಪಿದರೆ ಇವನೂ ತಪ್ಪಬೇಕು. ಇಬ್ಬರೂ ಕೂಡಿ ತಪ್ಪಿದರೆ ಜನ ಅದನ್ನೇ ಸರಿ ಎಂದುಕೊಳ್ಳುತ್ತಾರೆ.

ಪದಗಳೆಲ್ಲ ತುಂತುಣಿಯವನವೇ. ಹೊಟ್ಟೆಪಾಡಿಗೆ ಅವನು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಹಗ್ಗ ಹೊಸೆಯುವವನು ನಾರು ಕೂಡಿಸುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾನೆ. ಇವನು ಹಾಗೆ ನಡೆಯುತ್ತಲೇ ಪದ ಕಟ್ಟುತ್ತಿದ್ದ. ಬೆನ್ನು ಹೋಗಿ ಅಂಗಳದಾಚೆಯ ಬೇವಿನ ಮರಕ್ಕೆ ತಾಗಿದರೆ ಪದ ಮುಗಿಯಿತೆಂದು ಅರ್ಥ. ಸಂಜೆ ಡಪ್ಪಿನವನು ಬಂದು ಕೂತು ಕಲಿಯುತ್ತಿದ್ದ. ಅವನ ದನಿ ಒಳ್ಳೆಯದು, ಅದನ್ನು ಇಲ್ಲವೆನ್ನಬಾರದು. ಅವನು ಹಾಡಲು ನಿಂತರೆ ಜಗಳ ಆಡುತ್ತಿದ್ದವರೂ ಜಗಳ ನಿಲ್ಲಿಸಿ ಕೇಳುತ್ತಿದ್ದರು.

ಪದದ ಕೊನೆಯ ನುಡಿಯಲ್ಲಿ ಕಟ್ಟಿದವನ ಹೆಸರು ಬರಬೇಕೆಂಬುದು ಪದ್ಧತಿ. ತುಂತುಣಿಯವನು ತನ್ನ ಹೆಸರಿಟ್ಟೇ ಕಟ್ಟುತ್ತಿದ್ದ. ಡಪ್ಪಿನವನು ತನ್ನ ಹೆಸರಿಟ್ಟೇ ಹಾಡುತ್ತಿದ್ದ. ಎರಡು ಹೆಸರೂ ಒಂದೇ ಅಳತೆಯವು. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ತಾಳ ತಪ್ಪುತ್ತಿರಲಿಲ್ಲ. “ಇಷ್ಟಕ್ಕ ಮುಗೀತು ನಮ್ಮ ಪದ, ಕಟ್ಟ್ಯಾರ ಇಂಥವರು” ಎಂದು ಡಪ್ಪಿನವನು ತನ್ನ ಹೆಸರು ಹೇಳಿ ಡಪ್ಪು ಬಡಿಯುತ್ತಿದ್ದ. ನಿಯಮ ನಿಯಮವೇ. ತುಂತುಣಿಯವನು ಅದೇ ಹೆಸರಿನ ಬಾಲ ಹಿಡಿದು, ಎತ್ತಿ, ಎಳೆದು, ಎದೆ ತುಂಬಿ ಹಾಡಬೇಕಿತ್ತು. ಹಾಡುತ್ತಿದ್ದ.

ನನ್ನ ಹೆಸರು ಯಾಕೆ ಹಾಡುವುದಿಲ್ಲ ಎಂದು ತುಂತುಣಿಯವನು ಒಮ್ಮೆ ಕೇಳಿದ್ದೂ ಉಂಟು. ಡಪ್ಪಿನವನು ಕೆಟ್ಟವನಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

“ಜನಾ ನನ್ನ ಮಾರಿ ನೋಡ್ತಿರ್ತಾರ. ನನ್ನ ಮಾರಿ ನೋಡಿಕೋಂತ ನಿನ್ನ ಹೆಸರ ಕೇಳಿದ್ರ ಅವ್ರಿಗೆ ಗಲಿಬಿಲಿ ಆಗಂಗಿಲ್ಲೇನೋ?” ಎಂದ.

ತುಂತುಣಿಯವನಿಗೆ ಅದೂ ಸರಿ ಎನ್ನಿಸಿತು. ಮುಂದಿನವನ ಮಾತಿಗೆ ಹೂಂಗುಟ್ಟಿ ಹೂಂಗುಟ್ಟಿ ಎಲ್ಲವೂ ಸರಿ ಎನ್ನಿಸುವುದು ಅವನಿಗೆ ಅಭ್ಯಾಸವಾಗಿತ್ತು.

ಅವನ ಹೆಂಡತಿಗೆ ಸರಿ ಎನ್ನಿಸಲಿಲ್ಲ. “ಹಗ್ಗಾ ಹೊಸದ್ರ ಹಗ್ಗದಾಂವ ಅಂತಾರ, ತುಂತುಣಿ ಹಿಡದ್ರ ತುಂತುಣ್ಯಾಂವ ಅಂತಾರ. ನಿಮ್ಮವ್ವ ತೊಟ್ಟಿಲದಾಗ ಹಾಕಿ ಹೆಸರ ಇಟ್ಟಿದ್ದು ಯಾತಕ್ಕರಿ? ಉಪ್ಪಿನಕಾಯಿ ಹಾಕಾಕೇನು?” ಎಂದಳು.

“ಅಷ್ಟು ಸಂಕಟ ಆಗತಿದ್ರ ನೀನಽ ನನ್ನ ಹೆಸರ ಹಾಕಿ ಹಾಡು,” ಎಂದ ಅವನು.

“ಅಯ್ಯಽ! ಗಂಡನ ಹೆಸರ ಬಾಯಿಲೆ ಹೇಳತಾರೇನ್ರಿ?” ಎಂದು ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಊರಿನ ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಸಿಟ್ಟಿನಲ್ಲಿದ್ದರೂ ಅವಳು ಅದನ್ನು ಮೀರುವವಳಲ್ಲ.

ಅವಳ ಮಾತು ಅವನಿಗೆ ನಾಟಿತು. ಅಂದಿನಿಂದ ಅವನಿಗೆ ಒಂದೇ ಆಸೆ. ಶಾಲು ಬೇಡ, ರುಮಾಲು ಬೇಡ. ಕೂಡಿದ ಜನರ ನಡುವೆ, ತಾನು ಕಟ್ಟಿದ ಪದದಲ್ಲಿ, ತನ್ನ ಹೆಸರು ಒಂದೇ ಒಂದು ಸಲ ಕಿವಿಗೆ ಬೀಳಬೇಕು. ಅಷ್ಟಾದರೆ ಸತ್ತರೂ ಚಿಂತೆಯಿಲ್ಲ ಎಂದುಕೊಂಡ. ನಮ್ಮ ಆಸೆ ಎಷ್ಟು ಸಣ್ಣದೆಂದು ನಾವೇ ತೋರಿಸಿಕೊಳ್ಳುವಾಗ ಹಾಗೆ ಅನ್ನುತ್ತೇವೆ.

ಕಾಲ ಕೂಡಿ ಬಂತು. ಪಕ್ಕದ ಊರಿನಲ್ಲಿ ಹೊಸ ಬಾವಿಗೆ ನೀರು ಬಿದ್ದಿತು. ಆ ಸಂತೋಷಕ್ಕೆ ಊರವರು ಮೇಳವನ್ನು ಕರೆದರು. ಹೊರಡುವ ಹಿಂದಿನ ದಿನ ಡಪ್ಪಿನವನು ಯಾರದೋ ಜೊತೆ ಪಂಥ ಕಟ್ಟಿ, ಬಾಣಲೆಯಿಂದ ಆಗಷ್ಟೇ ತೆಗೆದ ಮೆಣಸಿನಕಾಯಿ ಭಜಿಗಳನ್ನು ಒಂದರ ಮೇಲೊಂದು ನುಂಗಿದ. ಪಂಥ ಗೆದ್ದ, ದನಿ ಹೋಯಿತು. ಬೆಳಗ್ಗೆ ಅವನು ಬಾಯಿ ತೆರೆದರೆ ತಿದಿ ಒತ್ತಿದ ಹಾಗೆ ಬರೀ ಗಾಳಿ ಬಂತು.

ಒಪ್ಪಿಕೊಂಡ ಹಾಡಿಕೆ ಬಿಡುವ ಹಾಗಿಲ್ಲ. ಡಪ್ಪಿನವನು ಕಣ್ಣಲ್ಲಿ ನೀರು ತಂದುಕೊಂಡು ರುಮಾಲನ್ನು ಬಿಚ್ಚಿ ತುಂತುಣಿಯವನ ಕೈಗಿಟ್ಟ. ಡಪ್ಪೂ ಕೊಟ್ಟ. ತುಂತುಣಿಯನ್ನು ತಾನು ಹಿಡಿದುಕೊಂಡ. ಹೆಂಡತಿ ಗಂಡನಿಗೆ ರುಮಾಲು ಸುತ್ತಿದಳು. ಸಂತೋಷಕ್ಕೆ ಎಷ್ಟು ಬಿಗಿಯಾಗಿ ಸುತ್ತಿದಳೆಂದರೆ ಅವನ ಹುಬ್ಬು ಮೇಲಕ್ಕೇರಿ ದಾರಿಯುದ್ದಕ್ಕೂ ಏನನ್ನೋ ಕಂಡು ಬೆರಗಾದವನ ಹಾಗೆ ಕಾಣುತ್ತಿದ್ದ. ಅವಳೂ ಜೊತೆಗೆ ಹೊರಟಳು. ತಾನು ಹೇಳಬಾರದ ಹೆಸರನ್ನು ಇವತ್ತು ಕಿವಿಯಾರೆ ಕೇಳಿ ಬರಬೇಕೆಂಬುದು ಅವಳ ಹಟ.

ಬಾವಿಯ ಬಳಿ ಊರಿಗೆ ಊರೇ ಕೂತಿತ್ತು. ಹೆಂಡತಿ ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂತಳು. ತುಂತುಣಿಯವನು ಡಪ್ಪು ಹಿಡಿದು ಮುಂದೆ ನಿಂತ.

ಅವನ ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಅಷ್ಟು ವರ್ಷ ಅವನು ಜನರನ್ನು ನೋಡಿದ್ದು ಒಬ್ಬನ ಹೆಗಲ ಮೇಲಿನಿಂದ. ಈಗ ಅವರೆಲ್ಲ ಇವನನ್ನೇ ನೋಡುತ್ತಿದ್ದರು. ಅವನು ಡಪ್ಪು ಬಡಿದ, ಬಾಯಿ ತೆರೆದ. ಪದ ಬರಲಿಲ್ಲ. ತಾನೇ ಕಟ್ಟಿದ್ದು, ಆದರೆ ಸಾಲಿನ ತಲೆ ಯಾವಾಗಲೂ ಡಪ್ಪಿನವನದು. ಇವನ ನಾಲಿಗೆಗೆ ಬಾಲ ಮಾತ್ರ ರೂಢಿ. ಸಾಲಿನ ತಲೆ ಯಾವುದೆಂದು ಹುಡುಕಿದ, ಸಿಗಲಿಲ್ಲ. ಇನ್ನೊಮ್ಮೆ ಡಪ್ಪು ಬಡಿದ. ಕಾಲುಗಳು ತಾವಾಗಿಯೇ ಹಗ್ಗ ಹೊಸೆಯುವವನ ಹಾಗೆ ಹಿಂದಕ್ಕೆ ಹಿಂದಕ್ಕೆ ಹೋದವು. ಬೆನ್ನು ತಾಗಿದಾಗ ಪದ ಮುಗಿಯಿತೆಂದೇ ಅವನಿಗೆ ಅನ್ನಿಸಿತು. ತಾಗಿದ್ದು ಮರವಲ್ಲ, ಡಪ್ಪಿನವನು. ಅವನು ಇವನನ್ನು ಮುಂದಕ್ಕೆ ನೂಕಿದ. ಜನ ನಕ್ಕರು.

ಹೆಂಗಸರ ಸಾಲಿನಲ್ಲಿದ್ದ ಒಬ್ಬ ಮುದುಕಿಗೆ ತಡೆಯಲಾಗಲಿಲ್ಲ. ಮೇಳದವರು ಯಾವಾಗಲೂ ಮೊದಲು ಹಾಡುವ ಪದವನ್ನು ಬೀಸುವ ಕಲ್ಲಿನ ಮುಂದೆ ದಿನವೂ ಹಾಡುವವಳು ಅವಳು. “ಎಳಿ ಎಳಿ ಕೂಡಿ ಹುರಿಯಾತು, ನುಡಿ ನುಡಿ ಕೂಡಿ ಪದವಾತು…” ಎಂದು ಕೂತಲ್ಲಿಂದಲೇ ಎತ್ತಿಕೊಟ್ಟಳು.

ತುಂತುಣಿಯವನಿಗೆ ಹೋದ ಜೀವ ಬಂತು. “ನುಡಿ ನುಡಿ ಕೂಡಿ ಪದವಾತು, ಗೀಯ ಗೀಯ!” ಎಂದು ಬಾಲ ಹಿಡಿದ. ಮುದುಕಿ ಇನ್ನೊಂದು ತಲೆ ಕೊಟ್ಟಳು, ಇವನು ಬಾಲ ಎತ್ತಿದ. ಆಮೇಲೆ ಪಕ್ಕದವಳು ಸೇರಿದಳು. ಆಮೇಲೆ ಗಂಡಸರು. ಬಾವಿ ತೋಡಿದವರು, ಗಾಡಿ ಹೊಡೆಯುವವರು, ಎಲ್ಲರಿಗೂ ಪದ ಬರುತ್ತಿತ್ತು. ಊರೇ ಮುಂದೆ ನಿಂತು ಹಾಡಿತು, ಇವನು ರುಮಾಲು ಸುತ್ತಿಕೊಂಡು ಅವರೆಲ್ಲರ ಹಿಂದಿನವನಾದ. ಅಂಥ ಹಾಡಿಕೆ ಆ ಊರಿನಲ್ಲಿ ಹಿಂದೆ ಆಗಿರಲಿಲ್ಲ.

ಕೊನೆಯ ನುಡಿ ಬಂತು. “ಇಷ್ಟಕ್ಕ ಮುಗೀತು ನಮ್ಮ ಪದ” ಎಂದು ಊರು ಹಾಡಿತು, ಅಲ್ಲಿಗೆ ನಿಂತಿತು. ಹೆಸರಿನ ಗೊಡವೆ ಬೀಸುವವರಿಗೆ ಇಲ್ಲ. ಕಾಳು ಮುಗಿದರೆ ಅವರ ಪದವೂ ಮುಗಿಯಿತು. ಉಳಿದದ್ದು ಇವನ ಪಾಲು. ಎಲ್ಲರೂ ಅವನ ಬಾಯಿ ನೋಡಿದರು. ಹೆಂಡತಿ ಮೊಣಕಾಲ ಮೇಲೆ ಎದ್ದು ಕೂತಳು. ಅಡ್ಡ ಬರುವವರು ಒಬ್ಬರೂ ಇಲ್ಲ. ಅವನು ಎದೆ ತುಂಬ ಉಸಿರು ತೆಗೆದುಕೊಂಡ, ಕಣ್ಣು ಮುಚ್ಚಿದ.

“ಕಟ್ಟ್ಯಾರ…” ಎಂದು ಎತ್ತಿದ. ಎತ್ತಿದ ಮೇಲೆ ನಾಲಿಗೆ ಅಷ್ಟು ವರ್ಷ ನಡೆದ ದಾರಿಯನ್ನೇ ಹಿಡಿಯಿತು. ಡಪ್ಪಿನವನ ಹೆಸರನ್ನು, ಒಂದು ಅಕ್ಷರ ಬಿಡದೆ, ಎಳೆದು, ಏರಿಸಿ, ಇಳಿಸಿ, ಹಾಡಿ ಮುಗಿಸಿದ.

ಡಪ್ಪಿನವನು ಹಿಂದಿನಿಂದ ಬಂದು ತಬ್ಬಿಕೊಂಡು ಸದ್ದಿಲ್ಲದೆ ಅತ್ತ. ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಎದ್ದು, ಸೆರಗು ಕೊಡವಿ, ಗಂಡನನ್ನು ಬಿಟ್ಟು ಊರ ದಾರಿ ಹಿಡಿದಳು.

ಮರುದಿನ ಬೆಳಗ್ಗೆಯೂ ಅವಳು ಮಾತಾಡಲಿಲ್ಲ. ಒಳಗೆ ಜೋಳ ಬೀಸುತ್ತಿದ್ದಳು. ಕಲ್ಲಿನ ಸದ್ದಿನಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. ಅವನು ಅಂಗಳದಲ್ಲಿ ಹಗ್ಗ ಹೊಸೆಯುತ್ತಾ ಹಿಂದಕ್ಕೆ ನಡೆಯುತ್ತಿದ್ದ. ತನ್ನ ಮೇಲೆ ತನಗೇ ನಾಚಿಕೆಯಾಗಿತ್ತು. ಕೈ ತುಂಬ ಸಿಕ್ಕದ್ದನ್ನು ತನ್ನ ಬಾಯಿಂದಲೇ ಚೆಲ್ಲಿಕೊಂಡಿದ್ದ.

ಕೈಗೆ ಕೆಲಸ ಹತ್ತಿದರೆ ಬಾಯಿ ಸುಮ್ಮನಿರುವುದಿಲ್ಲ. ಅವಳು ಹಾಡತೊಡಗಿದಳು. ಬೇರೆ ಯಾವ ಪದ ಬಂದೀತು? ಅವನದೇ ಬಂತು. ಹಾಡುತ್ತಾ ಹಾಡುತ್ತಾ ಕೊನೆಯ ನುಡಿಗೆ ಬಂದಳು. “ಇಷ್ಟಕ್ಕ ಮುಗೀತು ನಮ್ಮ ಪದ” ಎಂದಳು. ಕಲ್ಲು ನಿಂತಿತು. ಡಪ್ಪಿನವನ ಹೆಸರು ಹೇಳಲು ಅವಳಿಗೆ ಮನಸ್ಸಿಲ್ಲ. ಗಂಡನ ಹೆಸರು ಹೇಳುವ ಹಾಗಿಲ್ಲ. ಕಾಳು ಇನ್ನೂ ಮುಗಿದಿಲ್ಲ, ನುಡಿ ಅರ್ಧಕ್ಕೆ ಬಿಟ್ಟರೆ ಹಿಟ್ಟು ಹಸನಾಗುವುದಿಲ್ಲ. ಕಲ್ಲಿನ ಗೂಟವನ್ನು ಮತ್ತೆ ಹಿಡಿದಳು. ಕಲ್ಲು ಮೆಲ್ಲಗೆ ತಿರುಗಿತು.

“ಕಟ್ಟ್ಯಾರ ನಮ್ಮ ಮನಿಯವರು,” ಎಂದು ಹಾಡಿದಳು.

ಅಂಗಳದಲ್ಲಿ ಅವನು ನಿಂತುಬಿಟ್ಟ. ಹೊಸೆದ ಹಗ್ಗ ಕೈಯಲ್ಲಿ ಸಡಿಲವಾಯಿತು. ಅವನಿಗೆ ಅಳು ಬಂತು. ಕೇಳಬೇಕೆಂದಿದ್ದ ಹೆಸರಿಗಿಂತ ಇದು ದೊಡ್ಡದೆಂದು ಅವನಿಗೆ ಅನ್ನಿಸಿತು. ಅನ್ನಿಸಿದರೇನು, ಬಾಯಿಗೆ ತನ್ನದೇ ಅಭ್ಯಾಸ. “ಕಟ್ಟ್ಯಾರ ನಮ್ಮ ಮನಿಯವರು, ಗೀಯ ಗೀಯ!” ಎಂದು ಅಂಗಳದಿಂದಲೇ ಬಾಲ ಎತ್ತಿದ. ಒಳಗೆ ಹೆಂಡತಿ ನಗು ತಡೆಯಲಾರದೆ ಹಿಟ್ಟು ಚೆಲ್ಲಿದಳು.

ಅವಳ ಜೊತೆ ಬೀಸಲು ಬರುತ್ತಿದ್ದ ನೆರೆಮನೆಯ ಹೆಂಗಸರು ಪದವನ್ನು ಹಾಗೆಯೇ ಕಲಿತರು. ಅವರ ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಬೇರೆ ಊರಿಗೆ ಹೋದರು, ಹಾಗೆಯೇ ಹಾಡಿದರು. ಡಪ್ಪಿನವನ ಹೆಸರು ಅವನ ದನಿಯೊಂದಿಗೆ ಹೋಯಿತು. ಪದ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ನಗುತ್ತಲೇ ಇದ್ದ. “ಆ ತುಂತುಣ್ಯಾವನ ಹೆಸರ ಏನ್ರಿ ಅಪ್ಪಾರ?” ಎಂದು ಕೇಳಿದ.

“ಅದು ಗೊತ್ತಿದ್ರ ಇಷ್ಟು ಉದ್ದ ಕತಿ ಯಾಕ ಹೇಳತಿದ್ದೆ?” ಎಂದರು ಗುರುಗಳು.

ಮುರಿಗೆಪ್ಪ ಇನ್ನೂ ಸ್ವಲ್ಪ ನಕ್ಕ. ಆಮೇಲೆ ಅವನ ನಗು ಕಡಿಮೆಯಾಯಿತು. ಅವನ ತುಟಿ ಏನನ್ನೋ ಮೆಲ್ಲಗೆ ಗುನುಗಿ ನೋಡಿತು. ನೆಟ್ಟಗಿದ್ದ ಬೆನ್ನು ಸ್ವಲ್ಪ ಬಾಗಿತು.

“ಅಪ್ಪಾರ… ನಮ್ಮಜ್ಜಿ ಹಾಡತಿದ್ದ ಪದಾನೂ ಹಂಗಽ ಮುಗೀತಿತ್ತರಿ. ‘ಕಟ್ಟ್ಯಾರ ನಮ್ಮ ಮನಿಯವರು’ ಅಂತ. ಅದಕ್ಕಽ ನಾವೆಲ್ಲಾ, ನಮ್ಮಜ್ಜನಽ ಕಟ್ಟ್ಯಾನಂತ…” ಎಂದು ಅವನು ಗುರುಗಳ ಮುಖ ನೋಡಿದ.

“ನಮ್ಮಜ್ಜಿನೂ ಹಂಗಽ ಹಾಡತಿದ್ದಳಪಾ,” ಎಂದರು ಗುರುಗಳು.